‘ತೇಲು’ ಎಂಬುದರ ವಿರುದ್ಧ ಪದ

ಮಾನ್ಯ ಮುಖ್ಯಸ್ಥರಿಗೆ,
ಸುರಕ್ಷತಾ ಘೋಷಣೆ ಪರಿಶೀಲನಾ ವಿಭಾಗ,
ಗರ್ಜನಾ ಗಿರಿನದಿ ಸಾಹಸಯಾನ ಸಂಸ್ಥೆ.

ಮಾನ್ಯರೇ,

ಹಿಮಾಲಯದ ತಪ್ಪಲಿನಲ್ಲಿ ಕುಳಿತು, ಬಂಡೆಯಿಂದ ಬಂಡೆಗೆ ಹಾರುವ ನದಿಯ ಮೇಲೆ ಗಾಳಿ ತುಂಬಿದ ರಬ್ಬರಿನ ದೋಣಿಗಳನ್ನು ಬಿಟ್ಟು, ಅವುಗಳೊಳಗೆ ಜನರನ್ನು ಕೂಡಿಸಿ, ಆಮೇಲೆ ಆಗುವುದಕ್ಕೆಲ್ಲ ತಾವು ಹೊಣೆಯಲ್ಲವೆಂದು ಎಂಟು ಭಾಷೆಗಳಲ್ಲಿ ಬರೆಸಿಕೊಳ್ಳುವ ತಮ್ಮ ಮಹೋನ್ನತ ಸಂಸ್ಥೆಗೆ ಭೀಮಾ ನದಿಯ ದಂಡೆಯ ಜೇವರ್ಗಿಯಿಂದ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬಳ ಸವಿನಯ ನಮಸ್ಕಾರಗಳು. ತಮ್ಮ ಆರೋಗ್ಯ ಚೆನ್ನಾಗಿರಲಿ, ತಮ್ಮ ದೋಣಿಗಳಲ್ಲಿ ಗಾಳಿ ನಿಲ್ಲಲಿ, ತಮ್ಮ ವಕೀಲರ ಬುದ್ಧಿ ಹೀಗೆಯೇ ಹರಿತವಾಗಿರಲಿ ಎಂದು ಹಾರೈಸಿ ಈ ಬಹಿರಂಗ ಪತ್ರವನ್ನು ಆರಂಭಿಸುತ್ತೇನೆ. ಬಹಿರಂಗವಾಗಿ ಬರೆಯಲು ಕಾರಣವಿಷ್ಟೆ: ಖಾಸಗಿಯಾಗಿ ಬರೆದ ಐದು ಪತ್ರಗಳಿಗೂ ತಮ್ಮಿಂದ ‘ನಿಮ್ಮ ಉತ್ಸಾಹಕ್ಕೆ ಧನ್ಯವಾದಗಳು’ ಎಂಬ ಒಂದೇ ಉತ್ತರ ಬಂದಿತು. ಆ ಉತ್ಸಾಹ ಈಗ ಯಾವ ಮಟ್ಟಕ್ಕೆ ಏರಿದೆ ಎಂಬುದನ್ನು ತಾವು ಮುಂದೆ ಓದಿ ತಿಳಿಯಬೇಕಾಗಿ ಪ್ರಾರ್ಥನೆ.

ಬರುವ ಅಕ್ಟೋಬರ್ ಎರಡನೇ ವಾರದಲ್ಲಿ ತಮ್ಮ ನದಿಯ ಮೇಲೆ ಇಳಿಯಲು ಹೆಸರು ಕೊಟ್ಟವರು ನಾವು ನಾಲ್ವರು. ನಾನು ಒಬ್ಬಳು. ನಮ್ಮ ಯಜಮಾನರಾದ ಪಾಂಡುರಂಗ ಎರಡನೆಯವರು. ತಹಸೀಲ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಇವರು ಬಚ್ಚಲಮನೆಯಲ್ಲಿ ಬಕೀಟು ತುಂಬಿ ಹರಿದರೂ ಹೊಸ್ತಿಲ ಆಚೆ ಬಂದು ನಿಲ್ಲುವ ಸ್ವಭಾವದವರು. ಮೂರನೆಯವಳು ಖುರ್ಷಿದ; ಈ ಪತ್ರ ಆಕೆಗಾಗಿಯೇ ಬರೆದದ್ದು. ನಾಲ್ಕನೆಯವಳು ಆಕೆಯ ಮಗಳು ಜಸ್ಮೀನ. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು, ನಮ್ಮೆಲ್ಲರ ಪರವಾಗಿ ತಮ್ಮ ಆ್ಯಪಿನ ಜೊತೆ ಗುದ್ದಾಡುವ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡವಳು.

ಖುರ್ಷಿದಳ ವಯಸ್ಸು ಐವತ್ತೆಂಟು. ನಮ್ಮ ಹೊಳೆಗೆ ಸೇತುವೆ ಆಗುವವರೆಗೆ, ಅಂದರೆ ಹದಿಮೂರು ವರ್ಷದ ಹಿಂದಿನವರೆಗೆ, ಜೇವರ್ಗಿ ಕಡೆಯ ದಂಡೆಯಿಂದ ಅಫಜಲಪುರ ಕಡೆಯ ದಂಡೆಗೆ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವಳು ಆಕೆ. ದೋಣಿ ದಾಟುವ ಘಾಟಿನ ಗುತ್ತಿಗೆ ಗಂಡ ಅಬ್ದುಲ್ ಗನಿಯ ಹೆಸರಿನಲ್ಲಿತ್ತು, ಆದರೆ ಆತನಿಗೆ ದಮ್ಮಿನ ಕಾಯಿಲೆ, ಆದ್ದರಿಂದ ಹುಟ್ಟು ಮಾತ್ರ ಇಪ್ಪತ್ತೇಳು ವರ್ಷ ಹೆಂಡತಿಯ ಕೈಯಲ್ಲಿತ್ತು. ದೋಣಿ ನಡೆಸುವ ಕೋಲಿಗೆ ಕನ್ನಡದಲ್ಲಿ ಹುಟ್ಟು ಎನ್ನುತ್ತಾರೆಂದು ತಮ್ಮ ಭಾಷಾಂತರ ಯಂತ್ರಕ್ಕೂ ಒಮ್ಮೆ ತಿಳಿಸಿ; ಅದು ‘ಪೆಡಲ್’ ಎಂದು ಬರೆದಿದೆ, ಓದಿದವರು ದೋಣಿಯೊಳಗೆ ಸೈಕಲ್ ಹುಡುಕಬೇಕಾಗುತ್ತದೆ. ಹೊಳೆಯಾಚೆಯ ಶಾಲೆಗೆ ನಾನು ಇಪ್ಪತ್ತೆರಡು ವರ್ಷ ಆಕೆಯ ದೋಣಿಯಲ್ಲಿಯೇ ಹೋಗಿ ಬಂದೆ. ಈಗ ಆಕೆ ಅದೇ ಸೇತುವೆಯ ಬುಡದಲ್ಲಿ ಗಾಡಿ ಇಟ್ಟು ಚುರುಮುರಿಯ ಸುಸಲಾ ಮತ್ತು ಮಿರ್ಚಿ ಭಜಿ ಮಾರುತ್ತಾಳೆ. ವ್ಯಾಪಾರ ಚೆನ್ನಾಗಿಯೇ ನಡೆದಿದೆ, ಯಾರ ಕರುಣೆಯೂ ಆಕೆಗೆ ಬೇಕಾಗಿಲ್ಲ.

ಆಕೆಗೆ ಬೇಕಾದದ್ದು ಒಂದೇ ಒಂದು. ಕಳೆದ ವರ್ಷ ಜಸ್ಮೀನ ತನ್ನ ಮೊಬೈಲಿನಲ್ಲಿ ತಮ್ಮ ಜಾಹೀರಾತಿನ ವಿಡಿಯೋ ತೋರಿಸಿದಳು. ಅದರಲ್ಲಿ ನೀರು ನೊರೆಗಟ್ಟಿ ಬಂಡೆಗಳ ನಡುವೆ ಧುಮುಕುತ್ತಿತ್ತು, ಎಂಟು ಜನ ಹೆದರಿ ಅರಚುತ್ತಿದ್ದರು, ಹಿಂದೆ ಕುಳಿತ ಒಬ್ಬಾತ ಮಾತ್ರ ಹುಟ್ಟು ಹಾಕುತ್ತಿದ್ದ. ಖುರ್ಷಿದ ಅದನ್ನು ಏಳೆಂಟು ಸಲ ನೋಡಿ, ಗಾಡಿಯ ಒಲೆ ಆರಿಸಿ, ನನ್ನ ಮನೆಗೆ ನಡೆದು ಬಂದಳು. “ನಮ್ಮ ಹೊಳಿ ಮಲ್ಕೊಂಡು ಬರ್ತದ್ರಿ ಬಾಯಾರ, ಗುಡ್ಡದ ಹೊಳಿ ಎದ್ದು ನಿಂತು ಬರ್ತದ. ಅದರ ಮ್ಯಾಲ ಒಮ್ಮಿ ಹುಟ್ಟು ಹಾಕಬೇಕ್ರಿ,” ಎಂದಳು. ಶಿಕ್ಷಕಿಯನ್ನು ನಮ್ಮ ಕಡೆ ಬಾಯಾರ ಎಂದೇ ಕರೆಯುತ್ತಾರೆ. ಅಷ್ಟು ವರ್ಷಗಳ ಪರಿಚಯದಲ್ಲಿ ಆಕೆ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆಕೆಯ ಬಲಭುಜದ ಕೀಲು ಪೂರ್ತಿ ಸವೆದಿದೆ. ಬರುವ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು, ಅದಾದ ಮೇಲೆ ಆ ಕೈ ಭುಜದಿಂದ ಮೇಲಕ್ಕೆ ಏಳುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿಬಿಟ್ಟಿದ್ದಾರೆ. ಆದ್ದರಿಂದ ಹುಟ್ಟು ಹಾಕುವುದಾದರೆ ಈ ವರ್ಷವೇ ಹಾಕಬೇಕು, ಇಲ್ಲವಾದರೆ ಎಂದೂ ಇಲ್ಲ.

ನಾವು ಸಿದ್ಧತೆಗೆ ತೊಡಗಿದೆವು, ಮತ್ತು ಆ ಕ್ಷಣದಿಂದ ತಮ್ಮ ಸಂಸ್ಥೆಯ ಪ್ರತಿಭೆ ನಮಗೆ ಹೆಜ್ಜೆಹೆಜ್ಜೆಗೂ ಪರಿಚಯವಾಗತೊಡಗಿತು. ತಾವು ನದಿಯ ಅಬ್ಬರವನ್ನು ಐದು ದರ್ಜೆಗಳಾಗಿ ವಿಂಗಡಿಸಿದ್ದೀರಿ, ಆದರೆ ಯಾವುದು ಸೌಮ್ಯ, ಯಾವುದು ಭೀಕರ ಎಂದು ಕನ್ನಡದ ಪುಟದಲ್ಲಿ ಹೇಳುವುದನ್ನು ಮರೆತಿದ್ದೀರಿ. ನಮ್ಮ ಯಜಮಾನರು ಸರಕಾರಿ ನೌಕರಿ ಮಾಡಿದವರು; ಒಂದನೇ ದರ್ಜೆ ಎಂದರೆ ಸಾಹೇಬರು, ನಾಲ್ಕನೇ ದರ್ಜೆ ಎಂದರೆ ಜವಾನರು ಎಂಬುದು ಅವರ ರಕ್ತದಲ್ಲಿಯೇ ಇಳಿದಿದೆ. ಸಾಹೇಬರ ನೀರು ನಮಗೇಕೆ, ಜವಾನರ ನೀರೇ ಸಾಕು ಎಂದು ಬಹಳ ವಿನಯದಿಂದ ನಾಲ್ಕನೇ ದರ್ಜೆಗೆ ಗುರುತು ಹಾಕಿಸಿದರು. ಆ ದರ್ಜೆಯಲ್ಲಿ ದೋಣಿ ತಲೆಕೆಳಗಾಗುವುದು ಮಾಮೂಲೆಂದು ಜಸ್ಮೀನ ಇಂಗ್ಲಿಷ್ ಪುಟ ಓದಿ ಹೇಳಿದಾಗ ಅವರಿಗೆ ಒಂದು ದಿನ ಊಟ ಸೇರಲಿಲ್ಲ. ಬದಲಿಸಲು ಹೋದರೆ ತಮ್ಮ ಆ್ಯಪು ‘ಒಮ್ಮೆ ಆರಿಸಿದ ದರ್ಜೆಯನ್ನು ಇಳಿಸಲಾಗದು’ ಎಂದಿತು. ಖುರ್ಷಿದಳಿಗೆ ಮಾತ್ರ ಇದರಿಂದ ಬಹಳ ಸಂತೋಷವಾಯಿತು. ಸರಕಾರಿ ನೌಕರಿಯಲ್ಲಿಯೂ ಜವಾನರದೇ ನಿಜವಾದ ಜೋರು ಎಂದು ಆಕೆ ಅವರನ್ನು ಸಮಾಧಾನಪಡಿಸಿದಳು.

ಅಭ್ಯಾಸವೂ ನಡೆಯಿತು. ಆಳಂದ ತಾಲೂಕಿನ ಖಜೂರಿಯಲ್ಲಿ, ಮಹಾರಾಷ್ಟ್ರದ ಕಡೆಗೆ ಹೋಗುವ ಲಾರಿಗಳು ಸಾಲುಗಟ್ಟಿ ನಿಲ್ಲುವಲ್ಲಿ, ನಮ್ಮ ಯಜಮಾನರ ತಂಗಿಯ ಮನೆಯಿದೆ. ಅಲ್ಲಿಂದ ಲಾರಿಯ ಹಳೆಯ ಟ್ಯೂಬುಗಳನ್ನು ತಂದು, ಪಂಕ್ಚರ್ ಹಾಕಿಸಿ, ಹಗ್ಗದಿಂದ ಬಿಗಿದು, ಬೇಸಿಗೆಯ ಎಲ್ಲಾ ಭಾನುವಾರ ಬೆಳಿಗ್ಗೆ ಸೇತುವೆಯ ಕೆಳಗಿನ ನೀರಿನಲ್ಲಿ ಖುರ್ಷಿದ ನಮಗೆ ಪಾಠ ಹೇಳಿದಳು. ಜಸ್ಮೀನ ತಮ್ಮ ಕೈಪಿಡಿ ಹಿಡಿದು ಆಜ್ಞೆಗಳನ್ನು ಕೂಗುವಳು. ದೋಣಿ ವಾಲಿದಾಗ ಎಲ್ಲರೂ ಎತ್ತರದ ಬದಿಗೆ ಜಿಗಿಯಬೇಕು ಎಂಬುದು ತಮ್ಮ ಕನ್ನಡದಲ್ಲಿ ‘ಉನ್ನತ ಪಕ್ಷ!’ ಎಂದಾಗಿದೆ, ನಮ್ಮ ಯಜಮಾನರು ಯಾವ ಪಕ್ಷ, ರಾಜ್ಯದ್ದೋ ಕೇಂದ್ರದ್ದೋ ಎಂದು ಕೇಳಿದರು. ದೊಡ್ಡ ಅಲೆ ಬಂದಾಗ ದೋಣಿಯೊಳಗೇ ಬಗ್ಗಿ ಕೂಡಬೇಕು ಎಂಬುದು ‘ಇಳಿಯಿರಿ!’ ಎಂದಾಗಿದೆ. ಜಸ್ಮೀನ ಹಾಗೆ ಕೂಗಿದ್ದೇ ತಡ, ಜೇವರ್ಗಿ ಕ್ರಾಸಿನಲ್ಲಿ ಬಸ್ಸು ನಿಂತಿತೆಂಬಂತೆ ಇವರು ಚೀಲ ಎತ್ತಿಕೊಂಡು ಭೀಮಾ ನದಿಯೊಳಗೆ ಇಳಿದೇಬಿಟ್ಟರು. ನೀರು ಎದೆಮಟ್ಟ ಇದ್ದುದರಿಂದ ಇವತ್ತು ಅವರ ಬಗ್ಗೆ ವರ್ತಮಾನ ಕಾಲದಲ್ಲಿ ಬರೆಯುತ್ತಿದ್ದೇನೆ. ನಾಲ್ಕನೇ ದರ್ಜೆಯ ಅಲೆಯ ಮಧ್ಯದಲ್ಲಿ ಕನ್ನಡಿಗರಿಗೆ ಇಳಿಯಲು ಹೇಳುವ ತಮ್ಮ ಧೈರ್ಯಕ್ಕೆ ಯಾವ ಬಹುಮಾನ ಕೊಟ್ಟರೂ ಕಡಿಮೆಯೇ.

ಪೂರ್ವಾನುಭವದ ಕಾಲಮ್ಮಿನಲ್ಲಿ ಖುರ್ಷಿದಳ ಇಪ್ಪತ್ತೇಳು ವರ್ಷಗಳನ್ನು ಬರೆದೆವು. ತಾವು ಪ್ರಮಾಣಪತ್ರ ಕೇಳಿದಿರಿ. ಘಾಟಿನ ಗುತ್ತಿಗೆಯ ಕಾಗದ ಕಳಿಸಿದೆವು; ಅದು ಗಂಡನ ಹೆಸರಿನಲ್ಲಿದೆ ಎಂಬುದನ್ನು ಪತ್ತೆ ಹಚ್ಚಿ, ‘ಪೂರ್ವಾನುಭವ: ಶೂನ್ಯ’ ಎಂದು ನಮೂದಿಸಿದಿರಿ. ನಮ್ಮ ಯಜಮಾನರು ಒಮ್ಮೆ ಸೊಲ್ಲಾಪುರದಲ್ಲಿ ಮಕ್ಕಳ ಜಾರುಬಂಡೆಯಿಂದ ನೀರಿನ ತೊಟ್ಟಿಗೆ ಜಾರಿದ್ದರು. ಅದರ ಫೋಟೋ ಇತ್ತು. ಅವರಿಗೆ ‘ಪ್ರಾಥಮಿಕ ಅನುಭವ’ ಮಂಜೂರಾಯಿತು. ತಮ್ಮ ಸೂಕ್ಷ್ಮದೃಷ್ಟಿಯನ್ನು ಕಂಡು ನಾನು ಬೆರಗಾದೆ, ಖುರ್ಷಿದ ಮಾತ್ರ ನಕ್ಕುಬಿಟ್ಟಳು.

ಇನ್ನು ತಮ್ಮ ಘೋಷಣಾ ಪತ್ರಕ್ಕೆ ಬರುತ್ತೇನೆ. ಅದರಲ್ಲಿ ಹದಿನಾಲ್ಕು ಕಂಡಿಕೆಗಳಿವೆ, ಹದಿನಾಲ್ಕರಲ್ಲೂ ಒಂದೇ ಕ್ರಿಯಾಪದವಿದೆ. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಈ ಪತ್ರವನ್ನು ಖುರ್ಷಿದಳಿಗೆ ಓದಿ ಹೇಳಬೇಕಾಗಿದೆ. ‘ತೇಲು’ ಎಂಬುದರ ವಿರುದ್ಧ ಪದ ಬರೆಯಿರಿ ಎಂದು ನಾಲ್ಕನೇ ತರಗತಿಯ ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ಏನು ಬರೆಯುತ್ತಾರೋ ಅದೇ ಪದ. ಮೂರಕ್ಷರ, ಮಕಾರದಿಂದ ಆರಂಭವಾಗುತ್ತದೆ. ಅದು ಬರುವಲ್ಲೆಲ್ಲ ಗೆರೆ ಎಳೆದು ತಮ್ಮ ಗದ್ಯದ ಸೊಗಸನ್ನು ಓದುಗರ ಮುಂದಿಡುತ್ತೇನೆ. ‘ನಾನು —— ಅಪಾಯವನ್ನು ಊಹಿಸಿಕೊಳ್ಳುತ್ತೇನೆ’ ಎಂಬುದು ಮೊದಲನೆಯದು. ಹೊತ್ತುಕೊಳ್ಳುತ್ತೇನೆ ಎನ್ನಬೇಕಾದಲ್ಲಿ ಊಹಿಸಿಕೊಳ್ಳುತ್ತೇನೆ ಎಂದಿರುವುದರಿಂದ, ಮನೆಯಲ್ಲಿ ಕುಳಿತು ಊಹಿಸಿದರೂ ಸಾಕಾಗುತ್ತಿತ್ತು. ‘ನಾನು ನನ್ನ ಸ್ವಂತ ಇಚ್ಛೆ ಮತ್ತು ಸಂತೋಷದಿಂದ ——’ ಎಂಬುದು ಐದನೆಯದು. ‘ನಾನು —— ಬಗ್ಗೆ ನನ್ನ ಮುಂದಿನ ಸಂಬಂಧಿ ಸಂಸ್ಥೆಯನ್ನು ದೂರುವುದಿಲ್ಲ’ ಎಂಬುದು ಒಂಬತ್ತನೆಯದು. ಹತ್ತಿರದ ಸಂಬಂಧಿ ಎನ್ನಬೇಕಾದಲ್ಲಿ ಮುಂದಿನ ಸಂಬಂಧಿ ಎಂದಿರುವುದರಿಂದ ನಮ್ಮ ಯಜಮಾನರು ಮುಂದಿನ ಮನೆಯ ಭಗವಂತರಾಯರ ಹೆಸರು ಬರೆದಿದ್ದಾರೆ, ಆ ಪಾಪದ ಮನುಷ್ಯನಿಗೆ ಇನ್ನೂ ವಿಷಯ ಗೊತ್ತಿಲ್ಲ. ಇವಿಷ್ಟನ್ನೂ ಪ್ರತಿಯೊಬ್ಬರೂ ಮೊಬೈಲಿನ ಕ್ಯಾಮೆರಾ ಎದುರು ಕುಳಿತು, ಸ್ವಂತ ಬಾಯಿಂದ, ಸ್ಪಷ್ಟವಾಗಿ ಓದಿ ಕಳಿಸಬೇಕೆಂದು ತಮ್ಮ ಕಟ್ಟಪ್ಪಣೆ.

ಇಲ್ಲಿ ನಮ್ಮ ಘಾಟಿನ ಕಾನೂನನ್ನು ತಮಗೆ ವಿವರಿಸಬೇಕು. ಆ ಪದವನ್ನು ದೋಣಿಯವರು ಯಾರೂ ಬಾಯಿಗೆ ತರುವುದಿಲ್ಲ. ನನಗಿದು ಗೊತ್ತಾದದ್ದು ನೌಕರಿಗೆ ಸೇರಿದ ಎರಡನೇ ವರ್ಷ. ಅಂದು ವ್ಯಾಕರಣದ ಕಿರುಪರೀಕ್ಷೆ ಇತ್ತು. ಈ ದಂಡೆಯಿಂದ ನನ್ನ ಜೊತೆ ಬರುತ್ತಿದ್ದ ಹನ್ನೊಂದು ಹುಡುಗಿಯರಿಗೆ ದೋಣಿಯಲ್ಲಿಯೇ ಕ್ರಿಯಾಪದಗಳ ಅಭ್ಯಾಸ ಮಾಡಿಸುತ್ತಿದ್ದೆ, ಸುತ್ತಲೂ ನೀರಿದ್ದುದರಿಂದ ಸಂದರ್ಭೋಚಿತವಾಗಿರಲೆಂದು ಅದೇ ಧಾತುವನ್ನು ಕೊಟ್ಟೆ. ಹುಡುಗಿಯರು ಒಕ್ಕೊರಲಿನಿಂದ ಅದರ ಭೂತ, ವರ್ತಮಾನ, ಭವಿಷ್ಯತ್ ರೂಪಗಳನ್ನು ಹೇಳಿದರು. ನಡುಹೊಳೆಯಲ್ಲಿ ಖುರ್ಷಿದ, ಆಗ ಇಪ್ಪತ್ತನಾಲ್ಕರ ಹೆಣ್ಣುಮಗಳು, ದೋಣಿ ತಿರುಗಿಸಿದಳು, ಹೊರಟ ದಂಡೆಗೇ ತಂದು ನಿಲ್ಲಿಸಿದಳು, ಎಲ್ಲರನ್ನೂ ಇಳಿಸಿ ಮೂರು ಮೂರು ಸಲ ಬಾಯಿ ಮುಕ್ಕಳಿಸಲು ಹೇಳಿದಳು. ಪರೀಕ್ಷೆ ತಪ್ಪಿತು. ನಾನು ಸಿಟ್ಟಿನ ಭರದಲ್ಲಿ ತಹಸೀಲ ಕಚೇರಿಗೆ ಆಕೆಯ ಮೇಲೆ ನಾಲ್ಕು ಪುಟದ ದೂರು ಬರೆದೆ. ಅದರ ವಿಚಾರಣೆಗೆ ಬಂದು ದೋಣಿ ಹತ್ತಲು ಹೆದರಿ ದಂಡೆಯ ಮೇಲೆಯೇ ನಿಂತ ಗುಮಾಸ್ತರೇ ಇಂದು ನಮ್ಮ ಯಜಮಾನರು. ಕಾನೂನು ಏನೆಂದು ಆಗ ಆಕೆ ಅವರಿಗೆ ಹೇಳಿ ಬರೆಸಿದಳು. ಪ್ರಯಾಣಿಕರು ಆ ಪದ ಅಂದರೆ ಬಾಯಿ ಮುಕ್ಕಳಿಸಿ ಹತ್ತಬಹುದು. ಹುಟ್ಟು ಹಿಡಿದವರು ಅಂದರೆ ಮುಂದಿನ ಮಳೆಗಾಲ ಕಳೆಯುವವರೆಗೆ ಹುಟ್ಟು ಮುಟ್ಟುವಂತಿಲ್ಲ, ಏಕೆಂದರೆ ದೋಣಿಯಲ್ಲಿದ್ದವರ ಜೀವ ಅವರ ಬಾಯಲ್ಲಿರುತ್ತದೆ.

ನಾನು ವಿಜ್ಞಾನವನ್ನು ನಂಬುವವಳು, ಇಂಥ ಕಟ್ಟಳೆಗಳಿಗೆ ತಲೆಬಾಗುವವಳಲ್ಲ. ಆದರೆ ಆಕೆಯ ಇಪ್ಪತ್ತೇಳು ವರ್ಷಗಳಲ್ಲಿ, ಹೊಳೆ ಕೆಂಪಗೆ ಉಕ್ಕಿದ ದಿನಗಳೂ ಸೇರಿ, ಒಂದು ಮಗುವಿನ ಚಪ್ಪಲಿ ಸಹ ನೀರು ಪಾಲಾಗಲಿಲ್ಲ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಆಮೇಲಿನ ವರ್ಷಗಳಲ್ಲಿ ಆ ಪದವನ್ನು ತರಗತಿಯಲ್ಲಿ ಹೇಳಿಕೊಟ್ಟ ದಿನ ಸಂಜೆ ದೋಣಿ ಹತ್ತುವ ಮೊದಲು ನಾನೇ ಬಾಯಿ ಮುಕ್ಕಳಿಸುತ್ತಿದ್ದೆ.

ತಮ್ಮ ಘೋಷಣೆಯನ್ನು ನಾನು, ಜಸ್ಮೀನ ಓದಿ ಕಳಿಸಿ, ಬಾಯಿ ತೊಳೆದುಕೊಂಡೆವು. ನಮ್ಮ ಯಜಮಾನರು ಆಕಾಶವಾಣಿಯ ವಾರ್ತೆ ಓದುವವರ ಗತ್ತಿನಲ್ಲಿ ಹದಿನಾಲ್ಕನ್ನೂ ಓದಿದರು. ತಾವು ‘ಅತ್ಯುತ್ತಮ’ ಎಂದು ಶ್ಲಾಘಿಸಿದಿರಿ. ಖುರ್ಷಿದ ಮೊದಲ ಯತ್ನದಲ್ಲಿ ಆ ಪದ ಬಂದ ಕಡೆಗೆಲ್ಲ ಕೆಮ್ಮಿದಳು. ‘ಧ್ವನಿ ಸ್ಪಷ್ಟವಿಲ್ಲ’ ಎಂದಿರಿ. ಎರಡನೆಯದರಲ್ಲಿ ಅದರ ಬದಲಿಗೆ ‘ತಂಪಾಗಿ’ ಎಂದಳು. ತಾನು ತಂಪಾಗಿ ಸತ್ತರೆ ಸಂಸ್ಥೆ ಹೊಣೆಯಲ್ಲವೆಂದು ಬಹಳ ಗಂಭೀರವಾಗಿಯೇ ಹೇಳಿದಳು. ‘ತಪ್ಪು ಪದ’ ಎಂದಿರಿ. ಮೂರನೆಯದರಲ್ಲಿ ‘ಹಂಗೇನರ ಆದರ’ ಎಂದಳು. ‘ಯತ್ನಗಳು ಮುಗಿದಿವೆ’ ಎಂದಿರಿ. ನಾನು ಸಹಿ ಮಾಡಿಸುತ್ತೇನೆ, ಬರೆಸಿ ಕೊಡುತ್ತೇನೆ, ಸಾಕ್ಷಿ ಹಾಕಿಸುತ್ತೇನೆ ಎಂದು ಪತ್ರದ ಮೇಲೆ ಪತ್ರ ಬರೆದೆ, ತಾವು ನನ್ನ ಉತ್ಸಾಹಕ್ಕೆ ಧನ್ಯವಾದ ಹೇಳಿದಿರಿ. ಕೊನೆಗೆ ತಮ್ಮ ಸಹಾಯವಾಣಿಯ ಒಬ್ಬ ಹೆಣ್ಣುಮಗಳು, ಒಳ್ಳೆಯವಳೇ ಇರಬೇಕು, ಹಾಗಾದರೆ ಇಂಗ್ಲಿಷಿನಲ್ಲಿ ಅನ್ನಲಿ ಎಂದು ಉಪಾಯ ಹೇಳಿದಳು. ನಮ್ಮ ಹೊಳೆಗೆ ಇಂಗ್ಲಿಷ್ ಎಲ್ಲಿ ಬರುತ್ತದೆ ಎಂದು ಜಸ್ಮೀನಳೂ ಪುಸಲಾಯಿಸಿದಳು. ಖುರ್ಷಿದ ಒಪ್ಪಲಿಲ್ಲ. ಈ ನೀರು ಮರಾಠಿ ಮುಲುಕಿನಿಂದ ಬರುತ್ತದೆ, ಕನ್ನಡದವರ ಹೊಲಕ್ಕೆ ಹೋಗುತ್ತದೆ, ನಾವು ಅದರ ಜೊತೆ ದಖ್ಖನಿಯಲ್ಲಿ ಮಾತಾಡುತ್ತೇವೆ, ಅದಕ್ಕೆ ತಿಳಿಯದ ಭಾಷೆ ಯಾವುದಿದೆ ಎಂದಳು. ತಮ್ಮ ಎಂಟು ಭಾಷೆಗಳ ಆ್ಯಪಿಗಿಂತ ನಮ್ಮ ಹೊಳೆಯೇ ಹೆಚ್ಚು ಓದಿಕೊಂಡಂತಿದೆ.

ಆಗ ತಮ್ಮ ಕೊನೆಯ ಅಸ್ತ್ರ ಹೊರಬಂತು. ಗುಂಪಿನಲ್ಲಿ ಒಬ್ಬರ ಘೋಷಣೆ ಅಪೂರ್ಣವಾದರೂ ಇಡೀ ಗುಂಪಿನ ಜಾಗ ರದ್ದಾಗುತ್ತದೆ, ಕಡೆಯ ಅವಕಾಶವಾಗಿ ಮೂರು ದಿನ ಎಂದು ತಿಳಿಸಿದಿರಿ. ಆ ಸಂದೇಶ ಖುರ್ಷಿದಳ ಮೊಬೈಲಿಗೇ ನೇರವಾಗಿ ಬಂದಿತೆಂದು ನಮಗೆ ಗೊತ್ತಿರಲಿಲ್ಲ. ಮಗಳಿಗೆ ಆರು ವರ್ಷದಲ್ಲಿ ಮೊದಲ ಸಲ ಹತ್ತು ದಿನದ ರಜೆ ಸಿಕ್ಕಿದೆ, ಬಾಯಾರು ಉಣ್ಣೆಯ ಬಟ್ಟೆ ಹೊಲಿಸಿಕೊಂಡಿದ್ದಾರೆ, ತನ್ನೊಬ್ಬಳ ಬಾಯಿಯಿಂದಾಗಿ ಎಲ್ಲರ ಹಾದಿ ಕಟ್ಟಾಗಬಾರದು ಎಂದು ಆಕೆ ತಾನೇ ಯೋಚಿಸಿ ತಾನೇ ನಿರ್ಧರಿಸಿದಳು. ಮರುದಿನ ಮುಂಜಾನೆ ಗಾಡಿ ಹಚ್ಚದೆ, ಹೊಳೆಗೆ ಬೆನ್ನು ಮಾಡಿ, ಜೇವರ್ಗಿ ಬಸ್ ಸ್ಟ್ಯಾಂಡಿಗೆ ನಡೆದಳು. ನೀರು ಕಾಣದ ಜಾಗ ಬೇಕಾಗಿತ್ತು ಆಕೆಗೆ. ಅಲ್ಲಿ ಚಹಾ ಅಂಗಡಿಯ ಅಂಬಾರಾಯನಿಗೆ ಹೇಳಿ ಕುಡಿಯುವ ನೀರಿನ ಹಂಡೆಗೆ ಮುಚ್ಚಳ ಹಾಕಿಸಿ, ಮುಚ್ಚಳದ ಮೇಲೆ ಟವೆಲ್ ಹೊದಿಸಿ, ಮೊಬೈಲ್ ಹಿಡಿದು ಹದಿನಾಲ್ಕು ಸಲ ಆ ಪದವನ್ನು ಅಂದಳು. ಆ ವಿಡಿಯೋ ತಮ್ಮ ಬಳಿ ಇದೆ. ಅದರಲ್ಲಿ ಹಿಂದೆ ಕಂಡಕ್ಟರ್ ಶಹಾಪುರ, ಶಹಾಪುರ ಎಂದು ಕೂಗುತ್ತಿದ್ದಾನೆ. ಪ್ರತಿ ಸಲ ಆ ಪದ ಬಂದಾಗ ಆಕೆ ಕಣ್ಣು ಮುಚ್ಚುತ್ತಾಳೆ, ತೆರೆದು ಮುಂದಿನದನ್ನು ಓದುತ್ತಾಳೆ. ಆಮೇಲೆ ಒಂದು ದಿನ ಜಸ್ಮೀನ ಅದನ್ನು ತೋರಿಸಿದಾಗ ನನಗೆ ಪೂರ್ತಿ ನೋಡಲಾಗಲಿಲ್ಲ.

ಆ ಸಂಜೆಯೇ ತಮ್ಮಿಂದ ‘ಅಭಿನಂದನೆಗಳು! ನೀವು ಈಗ ಸಾಹಸಕ್ಕೆ ಅರ್ಹರು!’ ಎಂಬ ಸಂದೇಶ ಬಂತು, ಪಕ್ಕದಲ್ಲಿ ಪಟಾಕಿ ಸಿಡಿಯುವ ಚಿತ್ರವಿತ್ತು. ಏನೂ ಅರಿಯದ ನಾನು ಪೇಢೆ ಹಿಡಿದು ಆಕೆಯ ಮನೆಗೆ ಓಡಿದೆ. ಆಕೆ ನನ್ನನ್ನು ಕೂಡಿಸಿ, ನೀರು ಕೊಟ್ಟು ಹೇಳಿದಳು: “ನೀವು ಮೂರೂ ಮಂದಿ ಹೋಗಿ ಬರ್ರಿ ಬಾಯಾರ. ನಾ ತಿಳದು ತಿಳದು ಅಂದೇನಿ, ಈ ವರ್ಷ ನಾ ಹುಟ್ಟು ಮುಟ್ಟಂಗಿಲ್ಲ. ನಾ ಮುಟ್ಟಿದ್ರ ನಿಮಗ ಛಲೋ ಅಲ್ಲ.”

ಹೀಗೆ, ಮಾನ್ಯರೇ, ಆಕೆ ತಮ್ಮ ಕಾನೂನಿನಂತೆ ಅರ್ಹಳಾದ ಗಳಿಗೆಯಲ್ಲಿಯೇ ತನ್ನ ಕಾನೂನಿನಂತೆ ಅನರ್ಹಳಾದಳು. ಹುಟ್ಟು ಮುಟ್ಟದೆ ಸುಮ್ಮನೆ ಕುಳಿತು ಬಾ ಎಂದು ಬೇಡಿಕೊಂಡೆ. ಕುಳಿತು ಬರಲು ಸೇತುವೆ ಸಾಕು, ಹಿಮಾಲಯ ಯಾಕೆ ಎಂದಳು. ನಮ್ಮ ಯಜಮಾನರು ಇದೇ ಸಮಯ ನೋಡಿ, ತಾವೂ ಬೇಸಿಗೆಯಲ್ಲಿ ಹುಟ್ಟು ಹಿಡಿದವರೇ, ತಾವೂ ಆ ಪದ ಅಂದವರೇ, ಆದ್ದರಿಂದ ತಾವೂ ಬರುವಂತಿಲ್ಲ ಎಂದು ಬಹಳ ಭಕ್ತಿಯಿಂದ ವಾದಿಸಿದರು. ಅವರು ಹಿಡಿದದ್ದನ್ನು ಹುಟ್ಟು ಹಿಡಿದದ್ದೆಂದು ಖುರ್ಷಿದ ಒಪ್ಪಲಿಲ್ಲ.

ತಮ್ಮ ಸಂಸ್ಥೆಯನ್ನು ಹೊಗಳಲು ನನ್ನಲ್ಲಿ ಶಬ್ದಗಳಿಲ್ಲ, ಆದರೂ ವೃತ್ತಿಯಿಂದ ಶಿಕ್ಷಕಿಯಾದ್ದರಿಂದ ಪ್ರಯತ್ನಿಸುತ್ತೇನೆ. ಖುರ್ಷಿದಳ ದೋಣಿ ಹತ್ತುವಾಗ ನಾವು ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಒಂದು ಪದ ಅನ್ನಬೇಡಿ ಎಂಬುದಷ್ಟೇ ನಮ್ಮ ಪಾಲಿನ ಕೆಲಸ; ಮಿಕ್ಕ ಗಾಳಿ, ಸುಳಿ, ಮಳೆ, ತೂತು, ಹೆದರಿದ ಆಡು, ಹೆರಿಗೆ ನೋವಿನ ಹೆಣ್ಣುಮಗಳು, ಎಲ್ಲದಕ್ಕೂ ಆಕೆಯೇ ಹೊಣೆ. ತಮ್ಮ ದೋಣಿಯಲ್ಲಿ ಅದೇ ಪದವನ್ನು ಹದಿನಾಲ್ಕು ಸಲ ಅನ್ನುವುದು ನಮ್ಮ ಕೆಲಸ. ಮಿಕ್ಕ ಯಾವುದಕ್ಕೂ ತಾವು ಹೊಣೆಯಲ್ಲ. ಇಷ್ಟು ಹಗುರವಾದ ದೋಣಿಯನ್ನು ನಾನು ಇದುವರೆಗೆ ಕಂಡಿಲ್ಲ. ಹೊಣೆಯ ಭಾರವೇ ಇಲ್ಲದ್ದರಿಂದ ಅದು ತಾನೇ ತಾನಾಗಿ ತೇಲುತ್ತಿರಬೇಕು. ನನಗೆ ಸಿಟ್ಟು ಬಂದಿರುವುದು ತಮ್ಮ ಕೆಟ್ಟ ಕನ್ನಡಕ್ಕಲ್ಲ, ಅದನ್ನು ಕೆಂಪು ಪೆನ್ನಿನಿಂದ ತಿದ್ದಬಹುದು. ಹೊಣೆ ಹೊರುವುದೇ ಬದುಕಾಗಿದ್ದ ಹೆಂಗಸಿನ ಬಾಯಿಂದ ಹೊಣೆ ತಪ್ಪಿಸಿಕೊಳ್ಳುವ ತಮ್ಮ ಮಾತನ್ನು ಹೇಳಿಸಿದಿರಲ್ಲ, ಸಿಟ್ಟು ಅದಕ್ಕೆ.

ಈಗ ನನ್ನ ವಿನಂತಿ. ಮೊದಲು ಆ ವಿಡಿಯೋವನ್ನು ಹಿಂದುಮುಂದಾಗಿ ಓಡಿಸಿ ಹದಿನಾಲ್ಕು ಪದಗಳನ್ನು ಆಕೆಯ ಬಾಯಿಗೆ ವಾಪಸು ಕಳಿಸಿರೆಂದು ಕೇಳಬೇಕೆಂದಿದ್ದೆ. ಅದು ತಮ್ಮ ಆ್ಯಪಿಗೂ ಆಗದ ಕೆಲಸವಿರಬಹುದು. ತಮ್ಮ ವಿಭಾಗದವರೆಲ್ಲ ಇಲ್ಲಿಗೆ ಬಂದು ನದಿಗೆ ಖುದ್ದಾಗಿ ಸಮಜಾಯಿಷಿ ನೀಡಿರೆಂದು ಕೇಳಬೇಕೆಂದಿದ್ದೆ. ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ವ್ಯಾಕರಣದ ಮೊರೆ ಹೋಗಿದ್ದೇನೆ. ಕನ್ನಡದಲ್ಲಿ ‘ಅನ್ನು’ ಬೇರೆ, ‘ಅನ್ನಿಸು’ ಬೇರೆ. ಎರಡನೆಯದು ಪ್ರೇರಣಾರ್ಥಕ, ಅಲ್ಲಿ ಬಾಯಿ ಒಬ್ಬರದು, ಕೆಲಸ ಇನ್ನೊಬ್ಬರದು. ಖುರ್ಷಿದ ಅಂದಿಲ್ಲ, ತಾವು ಅನ್ನಿಸಿದ್ದೀರಿ. ಈ ವಾದವನ್ನು ಆಕೆಯ ಮುಂದಿಟ್ಟೆ. ಎರಡು ದಿನ ಯೋಚಿಸಿ ತೀರ್ಪು ಕೊಟ್ಟಳು: ಅನ್ನಿಸಿದವರು ತಾವೇ ಅನ್ನಿಸಿದೆವೆಂದು ಒಪ್ಪಿದರೆ ಅದು ಅವರ ಬಾಯಿಗೆ ಹೋಗುತ್ತದೆ, ಆಗ ತಾನು ಹುಟ್ಟು ಹಿಡಿಯಬಹುದು.

ಆದ್ದರಿಂದ ತಮ್ಮಿಂದ ಬೇಕಾಗಿರುವುದು ಒಂದೇ ವಾಕ್ಯ. ‘ಆ ಪದವನ್ನು ಖುರ್ಷಿದ ಅನ್ನಲಿಲ್ಲ, ನಾವು ಅನ್ನಿಸಿದೆವು, ಅದರ ಹೊಣೆ ನಮ್ಮದು’ ಎಂದು ಸಂಸ್ಥೆಯ ಕಾಗದದ ಮೇಲೆ ಬರೆದು, ಸಹಿ ಮಾಡಿ, ಅಕ್ಟೋಬರ್ ಒಂದನೇ ತಾರೀಖಿನ ಒಳಗೆ ತಲುಪುವಂತೆ ಕಳಿಸಬೇಕು. ಹೊಣೆ ಎಂಬ ಶಬ್ದವನ್ನು ‘ಅಲ್ಲ’ ಎಂಬುದಿಲ್ಲದೆ ಬರೆದು ತಮ್ಮ ವಕೀಲರಿಗೆ ರೂಢಿಯಿಲ್ಲ ಎಂದು ನಾನು ಬಲ್ಲೆ. ಮೊದಮೊದಲು ಕೈ ನಡುಗಬಹುದು, ಎರಡು ಮೂರು ಸಲ ತಿದ್ದಿ ಬರೆದರೆ ಬಂದೀತು. ಆ ಕಾಗದ ಬಂದರೆ ನಾವು ನಾಲ್ವರೂ ಕಲಬುರಗಿಯಿಂದ ರೈಲು ಹತ್ತುತ್ತೇವೆ, ತಮ್ಮ ನಾಲ್ಕನೇ ದರ್ಜೆಯ ನೀರಿನ ಮೇಲೆ ಒಂದು ಸಲ ಖುರ್ಷಿದ ಹುಟ್ಟು ಹಾಕುತ್ತಾಳೆ. ಬಾರದಿದ್ದರೆ ಯಾರೂ ಹೊರಡುವುದಿಲ್ಲ. ಡಿಸೆಂಬರಿನಲ್ಲಿ ಆಕೆಯ ಶಸ್ತ್ರಚಿಕಿತ್ಸೆ ಆಗುತ್ತದೆ.

ತಮ್ಮ ಹದಿನಾಲ್ಕು ಕಂಡಿಕೆಗಳನ್ನು ಓದಿದ ಮೇಲೆಯೂ ಒಂದು ವಾಕ್ಯದ ಮಟ್ಟಿಗೆ ತಮ್ಮನ್ನು ನಂಬಲು ಸಿದ್ಧಳಿರುವ,

ತಮ್ಮ ವಿಶ್ವಾಸಿ,
ವತ್ಸಲಾಬಾಯಿ,
ನಿವೃತ್ತ ಕನ್ನಡ ಶಿಕ್ಷಕಿ, ಜೇವರ್ಗಿ.

ತಾ.ಕ.: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಖುರ್ಷಿದಳಿಗೆ ಗಾಡಿಯ ಹತ್ತಿರ ನಿಂತು ಪೂರ್ತಿ ಓದಿ ಹೇಳಿದೆ. ಎಣ್ಣೆಗೆ ಮಿರ್ಚಿ ಬಿಡುತ್ತಲೇ ಕೇಳಿಸಿಕೊಂಡಳು. ನಾನು ಇಷ್ಟು ಕಷ್ಟಪಟ್ಟು ಬರೆದ ಕೊಂಕುಮಾತುಗಳಿಗೆ ಒಂದಕ್ಕೂ ನಗಲಿಲ್ಲ. ಮುಗಿದ ಮೇಲೆ ಹೇಳಿದಳು: “ಅವರ ಮ್ಯಾಲ ಇಷ್ಟು ಸಿಟ್ಟು ಬ್ಯಾಡ್ರಿ ಬಾಯಾರ. ಹದಿನಾಲ್ಕು ಸಲ ಅನ್ನಸ್ತಾರಂದ್ರ ಅವರ ಹೊಳ್ಯಾಗ ಯಾರೋ ಹೋಗ್ಯಾರ. ಯಾರಂತ ಕೇಳ್ರಿ. ಹೊಳಿ ದಂಡಿಗಿ ಹೋದವರಿಗಿ ಫಾತೆಹಾ ಕೊಡೂ ದಿನ ಅವರ ಹೆಸರೂ ತಗೋತೇನಿ.” ಆದ್ದರಿಂದ ಕೇಳುತ್ತಿದ್ದೇನೆ, ಮಾನ್ಯರೇ. ಯಾರು? ಹೆಸರು ಬರೆದು ಕಳಿಸಿ.